ರೈಫಲ್ ಚೇಂಬರಿನ ಮರುಕೊರೆತ

ಚೇಂಬರ್ ಮರುಕೊರೆತ ಎಂದರೆ, ರೈಫಲಿನ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಕುಳಿಯನ್ನು ರೀಮರ್‌ನಿಂದ ಹಿಗ್ಗಿಸಿ, ಬೇರೊಂದು ಆಕಾರದ ತೋಟಾಕ್ಕೆ ಹೊಂದಿಸುವ ಯಂತ್ರಗೆಲಸ. ಈ ಹೊಸ ತೋಟಾಕ್ಕೆ ಯಾವ ಮಾನಕ ಸಂಸ್ಥೆಯ ಮನ್ನಣೆಯೂ ಇಲ್ಲದಿದ್ದರೆ ಅದು ವೈಲ್ಡ್‌ಕ್ಯಾಟ್ ಎನಿಸಿಕೊಳ್ಳುತ್ತದೆ. ವೈಲ್ಡ್‌ಕ್ಯಾಟ್‌ಗಳಲ್ಲೇ ಒಂದು ಬಗೆ ‘ಇಂಪ್ರೂವ್ಡ್’, ಅಂದರೆ ಸುಧಾರಿತ ತೋಟಾ. ಇದರಲ್ಲಿ ಗುಂಡಿನ ವ್ಯಾಸವೂ ತಳದ ಅಳತೆಯೂ ಮೂಲ ತೋಟಾದ್ದೇ ಆಗಿರುತ್ತವೆ. ಹಿತ್ತಾಳೆ ಕೇಸಿನ ಮೈ ಮಾತ್ರ ಇನ್ನಷ್ಟು ನೆಟ್ಟಗಾಗಿ ಭುಜ ಕಡಿದಾಗುತ್ತದೆ, ಒಳಗೆ ಮದ್ದಿಗೆ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಈ ಲೇಖನದಲ್ಲಿ ‘ತೋಟಾ’ ಎಂದರೆ ಕೇಸು, ಕ್ಯಾಪು, ಮದ್ದು, ಗುಂಡು ನಾಲ್ಕೂ ಸೇರಿದ ಇಡೀ ವಸ್ತು. ‘ಕೇಸು’ ಎಂದರೆ ಅದರ ಹಿತ್ತಾಳೆಯ ಹೊರಕವಚ ಮಾತ್ರ.

ಬೆಂಗಳೂರಿನ ತುಮಕೂರು ರಸ್ತೆಯ ಆಚೀಚೆ, ಬಾಗಲಗುಂಟೆ, ದಾಸರಹಳ್ಳಿ, ಪೀಣ್ಯದ ಟೂಲ್‌ರೂಮುಗಳಲ್ಲಿ ದುಡಿಯುವವರಿಗೆ ಈ ಕೆಲಸದ ಅರ್ಧಭಾಗ ಹೊಸದೇನಲ್ಲ. ರೀಮರ್, ಪೈಲಟ್, ಗೋ ಗೇಜು, ನೋ-ಗೋ ಗೇಜು ಅಲ್ಲಿನ ದಿನಬಳಕೆಯ ಮಾತುಗಳು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಇಂದು ಸಿಎಂಟಿಐ ಎಂದು ಹೆಸರಾದ ಯಂತ್ರೋಪಕರಣ ಸಂಸ್ಥೆ ಬಂದ ಮೇಲೆ, ಮೈಕ್ರಾನ್ ಲೆಕ್ಕದ ಅಳತೆ ಈ ಭಾಗದ ಕಸುಬೇ ಆಗಿಹೋಗಿದೆ. ಹಾಗಿದ್ದೂ ಚೇಂಬರ್ ಮರುಕೊರೆತವನ್ನು ಇನ್ನೊಂದು ರೀಮಿಂಗ್ ಕೆಲಸ ಎಂದು ಎಣಿಸುವಂತಿಲ್ಲ. ಅದರ ಸುರಕ್ಷತೆ ಕೊರೆಯುವ ಕೈಚಳಕದಿಂದ ಬರುವುದಿಲ್ಲ. ಗೇಜು, ಉಕ್ಕಿನ ಪೂರ್ವಚರಿತ್ರೆ, ಒತ್ತಡದ ಪರೀಕ್ಷೆ ಈ ಮೂರೂ ಸೇರಿ ಒದಗಿಸುವ ಪುರಾವೆಯೇ ಅದರ ಆಧಾರ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಅದರ ಕೊರತೆಯನ್ನು ತುಂಬಲಾರವು ಎಂಬುದನ್ನು ಈ ಕೆಲಸದ ಇತಿಹಾಸವೇ ತೋರಿಸುತ್ತದೆ.

ಮೂಲ

ಸಿದ್ಧ ತೋಟಾದ ಕೇಸನ್ನು ತಿದ್ದಿ ಬೇರೆ ತೋಟಾ ಮಾಡುವ ಹವ್ಯಾಸ ಲೋಹದ ಕೇಸುಗಳಷ್ಟೇ ಹಳೆಯದು. ‘ಇಂಪ್ರೂವ್ಡ್’ ಬಗೆಗೆ ಹೆಸರು ತಂದವರು ಅಮೆರಿಕದ ಬಂದೂಕು ಕುಶಲಕರ್ಮಿ ಪಾರ್ಕರ್ ಒಟ್ಟೊ ಆಕ್ಲೆ (1903–1989). ನಳಿಗೆ ತಯಾರಕರೂ ಕೊಲರಾಡೊದ ಟ್ರಿನಿಡಾಡ್ ಕಾಲೇಜಿನಲ್ಲಿ ಬಂದೂಕು ವಿದ್ಯೆಯ ಬೋಧಕರೂ ಆಗಿದ್ದ ಅವರು 1960ರ ದಶಕದಲ್ಲಿ ಎರಡು ಸಂಪುಟಗಳ ಕೈಪಿಡಿಯಲ್ಲಿ ತಮ್ಮ ಪ್ರಯೋಗಗಳನ್ನು ಬರೆದಿಟ್ಟರು. .30-06 ತೋಟಾದ ಭುಜದ ಕೋನ ಹದಿನೇಳೂವರೆ ಡಿಗ್ರಿ. ಆಕ್ಲೆ ವಿನ್ಯಾಸಗಳಲ್ಲಿ ಅದು ಸಾಮಾನ್ಯವಾಗಿ 40 ಡಿಗ್ರಿ. ಅವರ ವಿನ್ಯಾಸಗಳು ಇಷ್ಟು ಹರಡಲು ಕಾರಣ ಒಂದು ಅನುಕೂಲ: ಮರುಕೊರೆದ ಚೇಂಬರಿನಲ್ಲಿ ಅಂಗಡಿಯ ಮೂಲ ತೋಟಾವನ್ನೂ ಹಾರಿಸಬಹುದಿತ್ತು. ಹಾರಿದಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಹೊಸ ಚೇಂಬರಿನ ಆಕಾರವನ್ನೇ ತಳೆಯುತ್ತಿತ್ತು. ಈ ಅನುಕೂಲ ಒಂದೇ ಒಂದು ಅಳತೆಯ ಮೇಲೆ ನಿಂತಿದೆ; ಅದನ್ನು ಮುಂದೆ ನೋಡಬಹುದು.

ಮರುಕೊರೆತಕ್ಕೆ ಮುಂಚಿನಿಂದಲೂ ಇರುವುದು ಪ್ರೂಫ್, ಅಂದರೆ ಮಿತಿಮೀರಿದ ಒತ್ತಡದಲ್ಲಿ ಹಾರಿಸಿ ನಳಿಗೆಯನ್ನು ಒರೆಗೆ ಹಚ್ಚುವ ಪದ್ಧತಿ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲೇ ರಾಜಸನ್ನದು ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು. ಯುರೋಪಿನ ದೇಶಗಳ ಪ್ರೂಫ್ ನಿಯಮಗಳನ್ನು ಒಂದುಗೂಡಿಸುವ ಸಿಐಪಿ ಆಯೋಗ 1914ರಲ್ಲಿ, ಅಮೆರಿಕದ ತಯಾರಕರ ಮಾನಕ ಸಂಸ್ಥೆ ‘ಸಾಮಿ’ 1926ರಲ್ಲಿ ಆರಂಭವಾದವು. ಪ್ರತಿ ತೋಟಾದ ಗರಿಷ್ಠ ಒತ್ತಡವನ್ನೂ ಚೇಂಬರಿನ ಕನಿಷ್ಠ–ಗರಿಷ್ಠ ಅಳತೆಗಳನ್ನೂ ಪ್ರಕಟಿಸುವುದು ಈ ಎರಡು ಸಂಸ್ಥೆಗಳ ಮುಖ್ಯ ಕೆಲಸ. ವೈಲ್ಡ್‌ಕ್ಯಾಟ್ ಈ ಪಟ್ಟಿಯ ಹೊರಗಿರುವ ತೋಟಾ.

ಚೇಂಬರಿನ ರಚನೆ, ಅದರ ಮೇಲೆ ಬೀಳುವ ಬಲ

ಚೇಂಬರ್ ಒಂದೇ ವ್ಯಾಸದ ರಂಧ್ರವಲ್ಲ. ಕೇಸಿನ ಮೈಗೆ ತಕ್ಕ ಇಳಿಜಾರು, ಭುಜದ ಶಂಕು, ಕತ್ತಿನ ಕೊಳವೆ, ಅದರಾಚೆ ಗುಂಡು ರೈಫ್ಲಿಂಗಿಗೆ ಹತ್ತುವ ಗಂಟಲು, ಇಷ್ಟನ್ನೂ ಸಾಮಾನ್ಯವಾಗಿ ಒಂದೇ ಫಾರ್ಮ್ ರೀಮರ್ ಕೊನೆಯ ಅಳತೆಗೆ ತರುತ್ತದೆ. ರೀಮರಿನ ಮುಂದಿನ ಪೈಲಟ್ ನಳಿಗೆಯ ರಂಧ್ರದಲ್ಲಿ ಸರಿಯಾಗಿ ಕೂತರೆ ಮಾತ್ರ ಚೇಂಬರ್ ನಳಿಗೆಯ ಅಕ್ಷಕ್ಕೆ ನೇರವಾಗಿ ಬರುತ್ತದೆ. ಚೇಂಬರಿನ ಹಿಂಬಾಗಿಲು ಬೋಲ್ಟ್. ಅದರ ಲಗ್ಗುಗಳು, ಅಂದರೆ ಹೊರಚಾಚಿದ ಹಲ್ಲುಗಳು, ನಳಿಗೆಯನ್ನು ಹಿಡಿದಿರುವ ರಿಸೀವರಿನಲ್ಲಿ ಸಿಕ್ಕಿಕೊಂಡು, ಹಿಂದಕ್ಕೆ ಬರುವ ತಳ್ಳನ್ನು ತಡೆದುಕೊಳ್ಳುತ್ತವೆ.

ಈ ತಳ್ಳು ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. .30-06ಕ್ಕೆ ಸಾಮಿ ನಿಗದಿ ಮಾಡಿದ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 60,000 ಪೌಂಡು. ಕೇಸಿನ ತಳದ ವ್ಯಾಸ ಇಂಚಿನ 0.47 ಭಾಗ. ಇವೆರಡನ್ನು ಹಿಡಿದು ಲೆಕ್ಕ ಹಾಕಿದರೆ ಬೋಲ್ಟಿನ ಮೇಲೆ ಹೆಚ್ಚೆಂದರೆ ನಾಲ್ಕೂವರೆ ಟನ್ನಿಗೂ ಮಿಕ್ಕ ಬಲ ಬೀಳಬಹುದು. ಕೇಸಿನ ಗೋಡೆಯ ಒಳವ್ಯಾಸ ಹೊರವ್ಯಾಸಕ್ಕಿಂತ ಕಡಿಮೆ, ಹಿಗ್ಗಿದ ಹಿತ್ತಾಳೆ ಚೇಂಬರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಹೀಗಾಗಿ ನಿಜವಾಗಿ ಬೀಳುವ ಬಲ ಇದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದು ಚೇಂಬರ್ ಒಣಗಿದೆಯೇ, ಎಣ್ಣೆ ಅಂಟಿದೆಯೇ, ಗೋಡೆ ಎಷ್ಟು ನುಣುಪಾಗಿದೆ ಎಂಬುದರ ಮೇಲೆ ನಿಂತಿದೆ.

ಸುಧಾರಿತ ತೋಟಾಗಳ ಪರ ಹೇಳುವ ಬಲವಾದ ವಾದ ಇಲ್ಲಿಯೇ ಹುಟ್ಟುತ್ತದೆ. ನೆಟ್ಟಗಿನ ಮೈ ಗೋಡೆಯನ್ನು ಹೆಚ್ಚು ಭದ್ರವಾಗಿ ಹಿಡಿಯುವುದರಿಂದ ಬೋಲ್ಟಿನ ಮೇಲಿನ ತಳ್ಳು ಇಳಿಯುತ್ತದೆ ಎಂದು ಆಕ್ಲೆ ಸಾಧಿಸಿದರು. ವಿಂಚೆಸ್ಟರ್ 94 ರೈಫಲಿನ ಲಾಕನ್ನು ತೆಗೆದು ಸುಧಾರಿತ .30-30 ತೋಟಾವನ್ನು ಹಾರಿಸಿ ಅದನ್ನು ತೋರಿಸಿದರು. ಪ್ರಯೋಗ ಸುಳ್ಳಲ್ಲ, ಇಳಿಜಾರಿನ ಮೈಗಿಂತ ನೆಟ್ಟಗಿನ ಮೈಯ ಹಿಡಿತ ಹೆಚ್ಚು. ಆದರೆ ಆ ಹಿಡಿತ ಒಣ ಚೇಂಬರಿನದು. ಮಳೆಯ ನೀರೋ ಒರೆಸದೆ ಉಳಿದ ಎಣ್ಣೆಯೋ ನಡುವೆ ಬಂದರೆ ಘರ್ಷಣೆ ಕೈಕೊಡುತ್ತದೆ, ಪೂರ್ತಿ ಬಲ ಬೋಲ್ಟಿಗೇ ಬೀಳುತ್ತದೆ. ಘರ್ಷಣೆಯನ್ನು ನಂಬಿ ಲಾಕಿನ ಬಲವನ್ನು ಕಡಿಮೆ ಲೆಕ್ಕ ಹಾಕುವುದು ಯಾವ ವಿನ್ಯಾಸದಲ್ಲೂ ಸಲ್ಲದು. ಇನ್ನೊಂದು ಅಪಾಯವೂ ಇದರೊಳಗೇ ಇದೆ. ಕೇಸು ಗೋಡೆಯನ್ನು ಕಚ್ಚಿ ಬೋಲ್ಟಿನ ಹೊರೆಯನ್ನು ಇಳಿಸಿದಷ್ಟೂ, ಬೋಲ್ಟು ಬಿಗಿಯಾಗುವುದು, ಎತ್ತಲು ಬಾರದಿರುವುದು ಮುಂತಾದ ಮಿತಿಮೀರಿದ ಒತ್ತಡದ ಸೂಚನೆಗಳು ತಡವಾಗಿ ಕಾಣುತ್ತವೆ. ಒತ್ತಡ ಅಳೆಯುವ ಉಪಕರಣವಿಲ್ಲದವನು ನೆಚ್ಚಿಕೊಂಡಿರುವುದು ಈ ಸೂಚನೆಗಳನ್ನೇ.

ವೇಗದ ಲಾಭವನ್ನೂ ಇದೇ ಕಣ್ಣಿನಿಂದ ನೋಡಬೇಕು. ಒತ್ತಡ ಅಷ್ಟೇ ಇರುವಾಗ ಕೇಸಿನ ಒಳಜಾಗ ನೂರಕ್ಕೆ 8 ಹೆಚ್ಚಿದರೆ ಗುಂಡಿನ ವೇಗ ಸುಮಾರು ನೂರಕ್ಕೆ 2ರಷ್ಟು ಏರುತ್ತದೆ ಎಂಬುದು ತೋಟಾ ವಿನ್ಯಾಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಥೂಲ ನಿಯಮ. ಅದಕ್ಕಿಂತ ದೊಡ್ಡ ಏರಿಕೆ ಕಂಡರೆ ಅದಕ್ಕೆ ಕಾರಣ ಆಕಾರವಲ್ಲ, ಹೆಚ್ಚಿದ ಒತ್ತಡ. ಹವ್ಯಾಸಿಗಳ ಕೈಗೆ ಒತ್ತಡಮಾಪಕ ಸಿಗದಿದ್ದ ಕಾಲದ ಬಹಳಷ್ಟು ಹೇಳಿಕೆಗಳನ್ನು ಹಾಗೆಯೇ ಓದಿಕೊಳ್ಳಬೇಕಾಗುತ್ತದೆ.

ಹೆಡ್‌ಸ್ಪೇಸ್ ಮತ್ತು ಗೇಜು

ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ತೋಟಾವನ್ನು ತಡೆದು ನಿಲ್ಲಿಸುವ ಜಾಗದವರೆಗಿನ ದೂರವೇ ಹೆಡ್‌ಸ್ಪೇಸ್. ಅಂಚುಪಟ್ಟಿಯಿಲ್ಲದ .30-06, .308ರಂಥ ತೋಟಾಗಳನ್ನು ಭುಜ ತಡೆಯುತ್ತದೆ; .303ರಂಥ ಅಂಚುಪಟ್ಟಿಯ ತೋಟಾಗಳನ್ನು ತಳದ ಪಟ್ಟಿಯೇ ತಡೆಯುತ್ತದೆ. ಈ ದೂರ ಹೆಚ್ಚಾದಾಗ ಏನಾಗುತ್ತದೆ ಎಂಬುದನ್ನು ಹಾರಿಸಿದ ಕೇಸನ್ನೇ ಹಿಡಿದು ನೋಡಬಹುದು. ಫೈರಿಂಗ್ ಪಿನ್ನು ಹೊಡೆದ ರಭಸಕ್ಕೆ ತೋಟಾ ಮುಂದಕ್ಕೆ ಸರಿಯುತ್ತದೆ. ಮದ್ದು ಉರಿದೊಡನೆ ಕೇಸಿನ ತೆಳ್ಳನೆಯ ಮುಂಭಾಗ ಹಿಗ್ಗಿ ಗೋಡೆಗೆ ಅಂಟಿಕೊಳ್ಳುತ್ತದೆ; ದಪ್ಪನೆಯ ತಳ ಹಿಗ್ಗದೆ ಬೋಲ್ಟಿನ ಕಡೆಗೆ ಹಿಂದಕ್ಕೆ ಹೋಗುತ್ತದೆ. ಎರಡರ ನಡುವಿನ ಹಿತ್ತಾಳೆ ಎಳೆದುಕೊಂಡು ತೆಳುವಾಗುತ್ತದೆ. ತಳದಿಂದ ಕಿರುಬೆರಳಿನಗಲ ಮೇಲೆ, ಕೇಸಿನ ಸುತ್ತ ಹೊಳೆಯುವ ಒಂದು ಉಂಗುರ ಮೂಡುತ್ತದೆ. ಒಳಗಿನಿಂದ ಮೊನೆ ಬಾಗಿದ ತಂತಿಯನ್ನು ಎಳೆದರೆ ಅದೇ ಜಾಗದಲ್ಲಿ ಸಣ್ಣ ಹಳ್ಳ ತಾಗುತ್ತದೆ. ಮುಂದಿನ ಬಾರಿಯೋ ಅದರ ಮುಂದಿನ ಬಾರಿಯೋ ಕೇಸು ಅಲ್ಲಿಯೇ ತುಂಡಾಗಿ, ಬಿಸಿ ಅನಿಲ ಬೋಲ್ಟಿನ ಸಂದಿಯಿಂದ ಹಾರಿಸುವವನ ಮುಖದತ್ತ ನುಗ್ಗುತ್ತದೆ.

ಆದ್ದರಿಂದ ಮರುಕೊರೆತದ ನಿರ್ಣಾಯಕ ಅಳತೆ ವ್ಯಾಸಕ್ಕಿಂತ ಆಳ. ಪೀಣ್ಯದಲ್ಲಿ 10 ಮಿಲಿಮೀಟರಿನ ಎಚ್7 ರಂಧ್ರವನ್ನು ರೀಮ್ ಮಾಡುವವರಿಗೆ ಸಿಗುವ ಅವಕಾಶ 15 ಮೈಕ್ರಾನು. ಗೋ ಪ್ಲಗ್ ಇಳಿಯಬೇಕು, ನೋ-ಗೋ ಇಳಿಯಬಾರದು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಸ್ಪಷ್ಟಪಡಿಸಿದ ಈ ತತ್ವವೇ ಚೇಂಬರಿಗೂ ಅನ್ವಯವಾಗುತ್ತದೆ: ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬಳಕೆಯಲ್ಲಿ ಸವೆದ ರೈಫಲಿಗೆ ಕೊನೆಯ ಮಿತಿಯಾಗಿ ಫೀಲ್ಡ್ ಗೇಜು ಎಂಬ ಮೂರನೆಯದೂ ಇದೆ. ಪ್ಲಗ್ ಗೇಜಿಗೂ ಹೆಡ್‌ಸ್ಪೇಸ್ ಗೇಜಿಗೂ ಒಂದು ವ್ಯತ್ಯಾಸ ಇದೆ. ಪ್ಲಗ್ ಗೇಜು ರಂಧ್ರವೊಂದನ್ನೇ ಅಳೆಯುತ್ತದೆ. ಹೆಡ್‌ಸ್ಪೇಸ್ ಗೇಜು ನಳಿಗೆ, ರಿಸೀವರ್, ಬೋಲ್ಟ್ ಮೂರೂ ಕೂಡಿದ ಸ್ಥಿತಿಯನ್ನು ಅಳೆಯುತ್ತದೆ. ಬೋಲ್ಟ್ ಬದಲಾದರೆ ಹಿಂದಿನ ಅಳತೆ ಲೆಕ್ಕಕ್ಕಿಲ್ಲ. ಗೇಜು ಹಾಕುವಾಗ ಬೋಲ್ಟಿನ ಸ್ಪ್ರಿಂಗು, ಎಕ್ಸ್‌ಟ್ರಾಕ್ಟರ್ ಮುಂತಾದವನ್ನು ಕಳಚಿ, ಹಿಡಿಕೆಯನ್ನು ಬೆರಳ ತುದಿಯಿಂದ ಮಾತ್ರ ಒತ್ತುವುದು ರೂಢಿ. ಗಟ್ಟಿಯಾಗಿ ಒತ್ತಿದರೆ ಲಗ್ಗಿನ ಹತೋಟಿಬಲಕ್ಕೆ ಗೇಜೂ ಚೇಂಬರೂ ಬಾಗಿ ಸುಳ್ಳು ಹೇಳುತ್ತವೆ.

ಆಕ್ಲೆ ತೋಟಾಗಳಲ್ಲಿ ಈ ಮಿತಿ ಇನ್ನೂ ಬಿಗಿ. ಮೂಲ ತೋಟಾ ಹೊಸ ಚೇಂಬರಿನಲ್ಲಿ ಭುಜದ ಬದಲು, ಕತ್ತು ಭುಜವನ್ನು ಸೇರುವ ಸಣ್ಣ ಅಂಚಿನಲ್ಲಿ ಮಾತ್ರ ತಡೆದು ನಿಲ್ಲುತ್ತದೆ. ಆ ಹಿಡಿತ ಬಿಗಿಯಾಗಿರಲೆಂದು ಚೇಂಬರಿನ ಕನಿಷ್ಠ ಹೆಡ್‌ಸ್ಪೇಸನ್ನು ಮೂಲಕ್ಕಿಂತ ಇಂಚಿನ ಸಾವಿರದ 4 ಭಾಗ ಕಡಿಮೆ ಇಡುತ್ತಾರೆ. ಅದು 0.1 ಮಿಲಿಮೀಟರ್, ಒಂದು ಹಾಳೆ ಝೆರಾಕ್ಸ್ ಕಾಗದದ ದಪ್ಪ. ಮೂಲ ತೋಟಾದ ಗೋ ಗೇಜು ಇಲ್ಲಿ ನೋ-ಗೋ ಆಗುತ್ತದೆ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ: ಇರುವ ಚೇಂಬರಿಗೆ ರೀಮರ್ ಇಳಿಸಿ ಸುಮ್ಮನೆ ಹಿಗ್ಗಿಸಿದರೆ ಸುಧಾರಿತ ಚೇಂಬರ್ ಆಗುವುದಿಲ್ಲ. ಕೊರೆತ ಲೋಹವನ್ನು ತೆಗೆಯಬಲ್ಲದು, ಸೇರಿಸಲಾರದು. ಆದ್ದರಿಂದ ನಳಿಗೆಯನ್ನು ಬಿಚ್ಚಿ, ರಿಸೀವರಿಗೆ ತಾಗುವ ಅದರ ಭುಜವನ್ನು ಲೇತಿನಲ್ಲಿ ತಿರುಗಿಸಿ ಹಿಂದಕ್ಕೆ ಕೂರಿಸಬೇಕಾಗುತ್ತದೆ. ಈ ಹಂತವನ್ನು ಬಿಟ್ಟ ಕೆಲಸ ಎಷ್ಟೇ ನುಣುಪಾಗಿ ಕಂಡರೂ ಕೇಸು ತುಂಡಾಗುವ ದಾರಿಯಲ್ಲೇ ಇದೆ.

ಉಕ್ಕಿನ ಪ್ರಶ್ನೆ: ಸ್ಪ್ರಿಂಗ್‌ಫೀಲ್ಡ್, ಇಷಾಪುರ

ಸಿಎನ್‌ಸಿ ಲೇತ್, ಮೂರಕ್ಷದ ಅಳತೆಯಂತ್ರ ಇರುವ ಕಾಲದಲ್ಲಿ ಇಷ್ಟು ಅಂಜಿಕೆ ಏಕೆ ಎಂಬ ಪ್ರಶ್ನೆ ಸಹಜ. ಬಾಗಲಗುಂಟೆಯ ಸುತ್ತಮುತ್ತ ಇವು ಅಪರೂಪವೂ ಅಲ್ಲ. ಆದರೆ ಅಳತೆಯಂತ್ರ ಆಕಾರವನ್ನು ಹೇಳುತ್ತದೆ, ಉಕ್ಕನ್ನು ಯಾರು ಹೇಗೆ ಕಾಯಿಸಿದರು ಎಂಬುದನ್ನು ಹೇಳಲಾರದು. ಅಮೆರಿಕದ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ಇದಕ್ಕೆ ಪ್ರಸಿದ್ಧ ಸಾಕ್ಷಿ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಕೆಲವು ರಿಸೀವರುಗಳು ಒಡೆದು ಚೂರಾದವು. ಕುಲುಮೆಯ ಕೆಲಸಗಾರರು ಉಕ್ಕಿನ ಬಿಸಿಯನ್ನು ಅದರ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು, ಬಿಸಿಲು ಜೋರಾಗಿದ್ದ ದಿನ ಕೆಂಪು ಮಂಕಾಗಿ ಕಂಡು ಉಕ್ಕನ್ನು ಹದಮೀರಿ ಕಾಯಿಸುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8 ಲಕ್ಷಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರಿಸೀವರುಗಳನ್ನು ಇಂದಿಗೂ ಸಂಶಯದಿಂದಲೇ ನೋಡುತ್ತಾರೆ. ಅಳತೆಯಲ್ಲಿ ಅವಕ್ಕೆ ಕುಂದಿರಲಿಲ್ಲ.

ಭಾರತದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ 1962ರ ಚೀನಾ ಯುದ್ಧದ ನಂತರ ಲೀ-ಎನ್‌ಫೀಲ್ಡ್ ಮಾದರಿಯನ್ನೇ .303ರಿಂದ 7.62 ಮಿಲಿಮೀಟರ್ ತೋಟಾಕ್ಕೆ ಬದಲಿಸಿ 2ಎ, ಆಮೇಲೆ 2ಎ1 ರೈಫಲುಗಳನ್ನು ತಯಾರಿಸಿತು. ಹೊರಗಿನಿಂದ ನೋಡಿದರೆ ಇದು ಹಳೆಯ ರೈಫಲಿಗೆ ಹೊಸ ಚೇಂಬರ್. ಆದರೆ ಸಾಮಿ ಮಾನಕದಲ್ಲಿ .303ರ ಗರಿಷ್ಠ ಒತ್ತಡ ಚದರ ಇಂಚಿಗೆ 49,000 ಪೌಂಡು, 7.62ರ ನಾಗರಿಕ ಅವಳಿಯಾದ .308 ವಿಂಚೆಸ್ಟರಿನದು 62,000. ಅದೂ ಅಲ್ಲದೆ ಲೀ-ಎನ್‌ಫೀಲ್ಡಿನ ಲಗ್ಗುಗಳು ಬೋಲ್ಟಿನ ಹಿಂಭಾಗದಲ್ಲಿವೆ. ಒತ್ತಡಕ್ಕೆ ಬೋಲ್ಟೂ ರಿಸೀವರೂ ಉದ್ದಕ್ಕೂ ಹಿಗ್ಗುತ್ತವೆ. ಇಷಾಪುರ ಹಳೆಯ ರಿಸೀವರುಗಳನ್ನು ಮರುಕೊರೆಯಲಿಲ್ಲ. ಹೆಚ್ಚು ಬಲದ ಉಕ್ಕಿನಲ್ಲಿ ಹೊಸದಾಗಿ ತಯಾರಿಸಿತು. ಅದೇ ಕಾರ್ಖಾನೆ ಹಳೆಯ .303 ರೈಫಲುಗಳನ್ನು ಕೊರೆದು, ರೈಫ್ಲಿಂಗ್ ಇಲ್ಲದ .410 ಮಸ್ಕೆಟ್‌ಗಳಾಗಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟದ್ದುಂಟು. ಆದರೆ ಆ ತೋಟಾ .303ರಷ್ಟು ಒತ್ತಡದ್ದಲ್ಲ. ಒತ್ತಡ ಇಳಿಯುವಲ್ಲಿ ಹಳೆಯ ಉಕ್ಕು ಸಾಕು, ಏರುವಲ್ಲಿ ಹೊಸ ಉಕ್ಕು ಬೇಕು. ಸರ್ಕಾರಿ ಶಸ್ತ್ರಾಗಾರವೇ ಪಾಲಿಸಿದ ಈ ವಿವೇಕಕ್ಕಿಂತ ಸಡಿಲವಾದ ನಿಯಮಕ್ಕೆ ಯಾವ ಖಾಸಗಿ ಲೇತಿಗೂ ಆಧಾರವಿಲ್ಲ.

ಬಗೆಗಳು

ಮರುಕೊರೆತದಲ್ಲಿ ಮೂರು ಬಗೆ. ಒಂದು ಮಾನಕ ತೋಟಾದಿಂದ ಅದೇ ತಳದ, ಇನ್ನೂ ಉದ್ದನೆಯ ಬೇರೊಂದು ಮಾನಕ ತೋಟಾಕ್ಕೆ ಬದಲಿಸುವುದು ಮೊದಲನೆಯದು. ಮೂಲ ತೋಟಾವನ್ನೂ ಹಾರಿಸಬಹುದಾದ ಸುಧಾರಿತ ಚೇಂಬರ್ ಎರಡನೆಯದು. ಕತ್ತಿನ ವ್ಯಾಸ, ಉದ್ದ, ಭುಜದ ಜಾಗ ಎಲ್ಲವೂ ಬದಲಾದ ಪೂರ್ಣ ವೈಲ್ಡ್‌ಕ್ಯಾಟ್ ಮೂರನೆಯದು. ಇದರಲ್ಲಿ ಅಂಗಡಿಯ ತೋಟಾಕ್ಕೆ ಎಡೆಯೇ ಇಲ್ಲ.

ಪ್ರೂಫ್ ಮತ್ತು ವೈಲ್ಡ್‌ಕ್ಯಾಟಿನ ತೊಡಕು

ಸಿಐಪಿ ಪದ್ಧತಿಯಲ್ಲಿ ರೈಫಲಿನ ಪ್ರೂಫ್ ತೋಟಾ ಗರಿಷ್ಠ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಹೆಚ್ಚಿನದು. ಬ್ರಿಟನ್ನಿನಂಥ ದೇಶಗಳಲ್ಲಿ ಚೇಂಬರ್ ಬದಲಾದ ಬಂದೂಕಿನ ಹಳೆಯ ಪ್ರೂಫ್ ಮುದ್ರೆಗೆ ಬೆಲೆಯಿಲ್ಲ, ಮಾರುವ ಮುನ್ನ ಮತ್ತೆ ಪ್ರೂಫ್ ಆಗಬೇಕು. ಆದರೆ ‘ನೂರಕ್ಕೆ 25 ಹೆಚ್ಚು’ ಎನ್ನಲು ಮೊದಲು ಒಂದು ನೂರು ಗೊತ್ತಿರಬೇಕಲ್ಲ. ವೈಲ್ಡ್‌ಕ್ಯಾಟಿಗೆ ಪ್ರಕಟಿತ ಗರಿಷ್ಠ ಒತ್ತಡವೇ ಇಲ್ಲ; ಒರೆಗೆ ಹಚ್ಚಲು ಚಿನ್ನವಿದೆ, ಒರೆಗಲ್ಲಿಲ್ಲ.

ಸಾವಿರಾರು ವೈಲ್ಡ್‌ಕ್ಯಾಟ್ ರೈಫಲುಗಳು ಯಾರಿಗೂ ಏನೂ ಮಾಡದೆ ದಶಕಗಳಿಂದ ಹಾರುತ್ತಿಲ್ಲವೇ ಎಂದು ಕೇಳಬಹುದು. ಹಾರುತ್ತಿವೆ. ಅಮೆರಿಕದಲ್ಲಿ ಅವುಗಳ ಹಿಂದೆ ರೀಮರ್ ತಯಾರಕರ ನಕ್ಷೆ, ಅದಕ್ಕೆ ಜೋಡಿಯಾದ ಗೇಜು, ಅಚ್ಚಾದ ಮದ್ದಿನ ಕೋಷ್ಟಕ, ಎಲ್ಲಕ್ಕಿಂತ ಮಿಗಿಲಾಗಿ ಬಹುಜನರ ಬಹುಕಾಲದ ದಾಖಲೆ ಇದೆ. ಅಂದರೆ ಮಾನಕ ಸಂಸ್ಥೆಯ ಹೊರಗೇ ಒಂದು ಅರೆ-ಮಾನಕ ಬೆಳೆದಿದೆ. ಆಕ್ಷೇಪ ಈ ಲೇಖನದ ವಾದವನ್ನು ಅಲ್ಲಗಳೆಯುವುದಿಲ್ಲ, ಎತ್ತಿ ಹಿಡಿಯುತ್ತದೆ: ಪುರಾವೆ ಕೂಡಿಬಂದಲ್ಲೇ ಸುರಕ್ಷತೆಯೂ ಕೂಡಿಬಂದಿದೆ. ಆ ಅರೆ-ಮಾನಕ ಎಷ್ಟು ದುರ್ಬಲ ಎಂಬುದಕ್ಕೂ ಉದಾಹರಣೆ ಇದೆ. ನೋಸ್ಲರ್ ಕಂಪನಿಯ ಪ್ರಯತ್ನದಿಂದ .280 ಆಕ್ಲೆ ಇಂಪ್ರೂವ್ಡ್ ತೋಟಾ 2000ರ ದಶಕದ ಕೊನೆಯಲ್ಲಿ ಸಾಮಿ ಪಟ್ಟಿಗೆ ಸೇರಿತು. ಆದರೆ ಸಾಮಿ ಅಳತೆಯ ಚೇಂಬರ್, ಅದೇ ಹೆಸರಿನ ಹಳೆಯ ಚೇಂಬರಿಗಿಂತ ಇಂಚಿನ ಸಾವಿರದ 14 ಭಾಗದಷ್ಟು ಗಿಡ್ಡ. ನಳಿಗೆಯ ಮೇಲೆ ಕೆತ್ತಿದ ಹೆಸರು ಒಂದೇ, ಗೇಜು ಬೇರೆ. ಹೊಸ ತೋಟಾವನ್ನು ಹಳೆಯ ಚೇಂಬರಿನಲ್ಲಿ ಹಾಕಿದರೆ ಸಿಗುವುದು ಮೇಲೆ ಹೇಳಿದ ಹೊಳೆಯುವ ಉಂಗುರವೇ.

ಪ್ರೂಫ್ ಆದರೂ ಕೆಲಸ ಮುಗಿಯಿತೆಂದಲ್ಲ. ಪ್ರೂಫ್ ಆ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಮುಂದೆ ಲಗ್ಗು ಸವೆಯಬಹುದು, ಮದ್ದು ತುಂಬುವವರು ಬದಲಾಗಬಹುದು. ಮರುಕೊರೆದ ನಳಿಗೆಯ ಮೇಲೆ ಹೊಸ ತೋಟಾದ ಹೆಸರನ್ನು ಅಳಿಯದಂತೆ ಕೆತ್ತುವುದು ಇದೇ ಕಾರಣಕ್ಕೆ. ಆ ರೈಫಲು ಇನ್ನೊಬ್ಬರ ಕೈಗೆ ಹೋದಾಗ ಅವರನ್ನು ಎಚ್ಚರಿಸುವುದು ಅದೊಂದೇ.

ಬಳಕೆ

ವಿದೇಶಗಳಲ್ಲಿ ಸುಧಾರಿತ ತೋಟಾಗಳ ಬಳಕೆ ಬೇಟೆಯಲ್ಲೂ ದೂರಗುರಿಯ ಸ್ಪರ್ಧೆಗಳಲ್ಲೂ ಇದೆ. ನೆಟ್ಟಗಿನ ಮೈಯ ಕೇಸು ಹಾರಿಸಿದಾಗ ಕಡಿಮೆ ಉದ್ದವಾಗುವುದರಿಂದ ಮತ್ತೆ ಮತ್ತೆ ಬಳಸಲು ಬರುತ್ತದೆ. ವೇಗಕ್ಕಿಂತ ಈ ಗುಣಕ್ಕಾಗಿಯೇ ಅದನ್ನು ಮೆಚ್ಚುವವರಿದ್ದಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಬಳಕೆ ಬಹುಮಟ್ಟಿಗೆ ಇಲ್ಲವಾಗಿದೆ. ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವ .315 ಸ್ಪೋರ್ಟಿಂಗ್ ರೈಫಲಿನ ತೋಟಾ ಸರ್ಕಾರಿ ಕಾರ್ಖಾನೆಯದು. ಅದನ್ನು ಮರುಕೊರೆದು ವೈಲ್ಡ್‌ಕ್ಯಾಟ್ ಮಾಡಿದರೆ ಆ ತೋಟಾದ ಆಸರೆಯೂ ತಪ್ಪುತ್ತದೆ.

ಕಾನೂನು ಮತ್ತು ಕೊಡಗಿನ ವಿನಾಯಿತಿ

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ಬಂದೂಕನ್ನು ತಯಾರಿಸಲು, ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು, ಪ್ರೂಫ್ ಮಾಡಲು ಲೈಸೆನ್ಸ್ ಬೇಕು. ಬಂದೂಕನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಿಸುವುದನ್ನೂ 2019ರ ತಿದ್ದುಪಡಿ 6ನೇ ಕಲಮಿನೊಳಗೆ ತಂದಿದೆ. ಲೈಸೆನ್ಸಿಲ್ಲದೆ ಮಾಡಿದರೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿದ್ದವರಿಗೂ, ಲೇತ್ ಮತ್ತು ರೀಮರ್ ಇದ್ದವರಿಗೂ ಇದರಿಂದ ಬಿಡುಗಡೆಯಿಲ್ಲ.

ಬಂದೂಕು ಹೊಂದುವುದಕ್ಕೂ ಅದನ್ನು ಮಾರ್ಪಡಿಸುವುದಕ್ಕೂ ಇರುವ ಈ ಅಂತರ ಕರ್ನಾಟಕದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನಲ್ಲಿ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಹೊಂದಲು ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಷ್ಟು ಹಿಂದಿನಿಂದ ನಡೆದುಬಂದ ಇದನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಇರುವುದು ಕೋವಿ ಹೊಂದುವ, ಒಯ್ಯುವ ಕಲಮುಗಳಿಂದ. ಮನೆತನದ ಕೋವಿಯ ಚೇಂಬರನ್ನು ಬದಲಿಸುವ ಹಕ್ಕು ಅದರಲ್ಲಿಲ್ಲ. ಪರಂಪರೆಗೆ ಇದು ಅಡ್ಡಿಯೆಂದು ಕಾಣಬಹುದಾದರೂ, ತಲೆಮಾರು ದಾಟಿ ಬರುವ ಕೋವಿಯಲ್ಲೇ ಚೇಂಬರಿನ ಅಳತೆ ಬದಲಾಗದೆ ಉಳಿಯುವುದು ಹೆಚ್ಚು ಅಗತ್ಯ. ಅಜ್ಜನ ಕಾಲದಲ್ಲಿ ಕೊರೆದ ಸಂಗತಿ ಮೊಮ್ಮಗನಿಗೆ ತಿಳಿದಿರುತ್ತದೆ ಎಂದು ನೆಚ್ಚಲಾಗದು.

ಇಂದಿನ ಸ್ಥಿತಿ

ಚೇಂಬರ್ ಕೊರೆಯುವ ಕೆಲಸ ಬೆಂಗಳೂರಿನಲ್ಲಿ ಇಂದು ಲೈಸೆನ್ಸಿನಡಿ ನಡೆಯುತ್ತಿದೆ. 2001ರಲ್ಲಿ ರಕ್ಷಣಾ ಉತ್ಪಾದನೆ ಖಾಸಗಿಯವರಿಗೆ ತೆರೆದ ಮೇಲೆ ಈ ಕ್ಷೇತ್ರಕ್ಕೆ ಬಂದ ಇಲ್ಲಿನ ಎಸ್‌ಎಸ್‌ಎಸ್ ಡಿಫೆನ್ಸ್ 7.62 ಮಿಲಿಮೀಟರ್ ಮತ್ತು .338 ಲಪುವಾ ಮ್ಯಾಗ್ನಮ್ ತೋಟಾಗಳ ಸ್ನೈಪರ್ ರೈಫಲುಗಳನ್ನು ವಿನ್ಯಾಸ ಮಾಡಿ ತಯಾರಿಸುತ್ತಿದೆ. ಎರಡೂ ಮಾನಕ ತೋಟಾಗಳು. ವೈಲ್ಡ್‌ಕ್ಯಾಟಿಗೆ ನಾಗರಿಕ ಮಾರುಕಟ್ಟೆಯಲ್ಲಿ ಇಲ್ಲಿ ಜಾಗವಿಲ್ಲ. ಅದರ ರೀಮರ್, ಗೇಜು, ಮದ್ದಿನ ಕೋಷ್ಟಕ ಮೂರೂ ಹೊರದೇಶದವು. ವಿದೇಶದಲ್ಲೂ ಒಲವು ಬದಲಾಗಿದೆ. ಕಡಿದಾದ ಭುಜ, ನೆಟ್ಟಗಿನ ಮೈಯ ಗುಣಗಳನ್ನು 6.5 ಕ್ರೀಡ್‌ಮೂರ್‌ನಂಥ ಹೊಸ ತೋಟಾಗಳು ಹುಟ್ಟಿನಿಂದಲೇ ಪಡೆದು, ಪ್ರಕಟಿತ ಒತ್ತಡದ ಮಿತಿಯೊಡನೆ ಕಾರ್ಖಾನೆಯಿಂದ ಬರುತ್ತಿವೆ. ಹಳೆಯ ನಳಿಗೆಯನ್ನು ಮರುಕೊರೆಯುವ ಬದಲು ಹೊಸ ನಳಿಗೆಯನ್ನೇ ಹಾಕಿಸುವವರೂ ಹೆಚ್ಚಿದ್ದಾರೆ. ಪೀಣ್ಯ–ಬಾಗಲಗುಂಟೆಯ ಟೂಲ್‌ರೂಮುಗಳು ಈ ವಿದ್ಯೆಗೆ ಕಾನೂನಿನೊಳಗೆ ಸೇವೆ ಸಲ್ಲಿಸಬಹುದಾದ ಜಾಗವೆಂದರೆ ಗೇಜು ಮತ್ತು ರೀಮರಿನ ತಯಾರಿ, ಅವುಗಳ ಕ್ಯಾಲಿಬ್ರೇಷನ್. ಲೈಸೆನ್ಸ್ ಪಡೆದ ತಯಾರಕರಿಗೆ ನಿತ್ಯವೂ ಬೇಕಾದವು ಇವೇ.